ಬಿಚ್ಚುವಾಗಲೇ ಅರ್ಧ ಕೆಲಸ

ನಮ್ಮದು ಹಾಸನದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಬರುವುದು ಹೆಚ್ಚಾಗಿ ಪಂಪ್‌ಸೆಟ್. ಶುಂಠಿ, ಆಲೂಗಡ್ಡೆ ಬೆಳೆಯುವವರ ಬೋರ್‌ವೆಲ್ ಮೋಟಾರ್, ಸಕಲೇಶಪುರದ ಕಡೆಯ ಕಾಫಿ ತೋಟದವರ ಮೋನೋಬ್ಲಾಕ್, ಮಧ್ಯೆ ಮಧ್ಯೆ ಮಿಕ್ಸಿ, ಫ್ಯಾನ್. ಈಚೆಗೆ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಮುಷ್ಟಿಯೊಳಗೆ ಹಿಡಿಯುವಷ್ಟು ಚಿಕ್ಕ ಬ್ರಶ್‌ಲೆಸ್ ಮೋಟಾರ್ ತರಲು ಶುರುಮಾಡಿದ್ದಾರೆ. ಮಾಡೆಲ್ ವಿಮಾನದ್ದು, ಡ್ರೋನಿನದ್ದು. "ಅಣ್ಣಾ, ಕಾಯಿಲ್ ಹೋಗಿದೆ, ಸುತ್ತಿಕೊಡಿ" ಅಂತಾರೆ. 1982ರಿಂದ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಇರುವ ಊರು. ಇಲ್ಲಿನ ಹುಡುಗರಿಗೆ ಹಾರಿಸುವ ಹುಚ್ಚು ಇಲ್ಲದೆ ಇರುತ್ತಾ?

ಈ ಮೋಟಾರ್‌ಗಳನ್ನು ನಾನು ಅಂಗಡಿಯಲ್ಲಿ ಬಿಚ್ಚಲ್ಲ, ಮನೆಗೆ ತರುತ್ತೇನೆ. ಅಂಗಡಿಯ ನೆಲ, ಮೇಜು, ನಮ್ಮ ಕೈ ಎಲ್ಲದರ ಮೇಲೂ ಕಬ್ಬಿಣದ ಪುಡಿ. ಈ ಮೋಟಾರಿನ ಬೆಲ್, ಅಂದರೆ ತಿರುಗುವ ಹೊರಕವಚದ ಒಳಗೆ ಸುತ್ತಲೂ ನಿಯೋಡಿಮಿಯಮ್ ಮ್ಯಾಗ್ನೆಟ್. ಒಂದು ಗಳಿಗೆ ತೆರೆದಿಟ್ಟರೆ ಸಾಕು, ಒಳಗೆ ಗಡ್ಡ ಬೆಳೆದ ಹಾಗೆ ಪುಡಿ ಅಂಟಿರುತ್ತದೆ. ಮ್ಯಾಗ್ನೆಟ್‌ಗೂ ತಂತಿ ಸುತ್ತಿರುವ ಸ್ಟೇಟರ್‌ಗೂ ನಡುವಿನ ಸಂದು ಕಾಗದ ತೂರಿಸುವಷ್ಟೇ. ಬಟ್ಟೆಯಲ್ಲಿ ಒರೆಸಿದರೆ ಪುಡಿ ಹೋಗಲ್ಲ, ಜಾಗ ಬದಲಾಯಿಸುತ್ತದೆ ಅಷ್ಟೆ. ಸೆಲ್ಲೋ ಟೇಪನ್ನು ಅಂಟು ಮೇಲೆ ಬರುವಂತೆ ಬೆರಳಿಗೆ ಸುತ್ತಿಕೊಂಡು ಒತ್ತಿ ಒತ್ತಿ ತೆಗೆಯಬೇಕು. ಬೆಲ್ ಬಿಚ್ಚಿದ ತಕ್ಷಣ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಕಟ್ಟಿಟ್ಟರೆ ಈ ತಲೆನೋವೇ ಇಲ್ಲ.

ಪಂಪ್ ಕೆಲಸ ಗೊತ್ತಿದ್ದವರಿಗೆ ಇದು ಒಳಹೊರಗು ತಿರುಗಿಸಿದ ಮೋಟಾರ್. ಸ್ಟೇಟರ್ ಒಳಗೆ ಅಲ್ಲಾಡದೆ ಇರುತ್ತದೆ, ಮ್ಯಾಗ್ನೆಟ್ ಇರುವ ಬೆಲ್ ಹೊರಗೆ ತಿರುಗುತ್ತದೆ. ಕೆಳಗೆ ಶಾಫ್ಟ್‌ನ ತುದಿಯಲ್ಲಿ ಅದು ಜಾರದಂತೆ ಹಿಡಿಯುವ ಒಂದು ಸಣ್ಣ ಬಳೆ, ಸರ್ಕ್ಲಿಪ್. ಅದು ಚಿಮ್ಮಿದರೆ ಮತ್ತೆ ಸಿಗುವುದು ದೇವರಿಗೇ ಗೊತ್ತು, ಮೇಲೆ ಬಟ್ಟೆ ಹಿಡಿದು ತೆಗೆಯಿರಿ. ಹೆಸರಿನಲ್ಲಿ 2212 ಅಂತಿದ್ದರೆ ಸಾಮಾನ್ಯವಾಗಿ ಸ್ಟೇಟರ್ 22 ಮಿ.ಮೀ. ಅಗಲ, 12 ಮಿ.ಮೀ. ಎತ್ತರ. ಕೆಲವರು ಹೊರಗಿನ ಅಳತೆ ಬರೆಯುತ್ತಾರೆ. ಹಾಗಾಗಿ ಕ್ಯಾಲಿಪರ್ ಇಟ್ಟೇ ನೋಡುವುದು ವಾಸಿ.

ಬಿಚ್ಚಿದ ಮೇಲೆ ಕಟ್ಟರ್ ಎತ್ತಿಕೊಳ್ಳಬೇಡಿ. ಮೊದಲು ಸುಟ್ಟ ಬಣ್ಣ ನೋಡಿ. ಸ್ಟೇಟರಿನಲ್ಲಿ ತಂತಿ ಸುತ್ತುವ ಚಾಚುಗಳಿಗೆ ಹಲ್ಲು ಅಂತಾರೆ. ಎಲ್ಲ ಹಲ್ಲಿನ ತಂತಿಯೂ ಒಂದೇ ಸಮ ಕಪ್ಪಾಗಿದ್ದರೆ ಅದು ಓವರ್‌ಲೋಡ್. ಒಂದೇ ಹಲ್ಲು ಸುಟ್ಟು ಉಳಿದವು ಹೊಳೆಯುತ್ತಿದ್ದರೆ ಆ ಜಾಗದಲ್ಲಿ ಶಾರ್ಟ್. ತಂತಿಯ ಮೂರು ಗುಂಪುಗಳೇ ಮೂರು ಫೇಸ್. ಮೂರರ ಒಂದೊಂದು ತುದಿ ಒಂದೆಡೆ ಸೇರಿರುವ ಸ್ಟಾರ್ ಕನೆಕ್ಷನ್‌ನಲ್ಲಿ ಎರಡು ಫೇಸ್ ಸುಟ್ಟು ಮೂರನೆಯದು ಚೆನ್ನಾಗಿದ್ದರೆ, ಪಂಪಿನವರಿಗೆ ಹೇಳಿಕೊಡಬೇಕಾಗಿಲ್ಲ, ಇದು ನಮ್ಮ ಸಿಂಗಲ್ ಫೇಸಿಂಗ್, ಒಂದು ಫೇಸಿಗೆ ಕರೆಂಟ್ ಬಾರದೆ ಉಳಿದೆರಡೇ ಹೊರೆ ಹೊತ್ತದ್ದು. ಒಂದು ವೈರಿನ ಬೆಸುಗೆ ಬಿಟ್ಟಿರುತ್ತದೆ, ಇಲ್ಲ ಬ್ಯಾಟರಿಯ ಕರೆಂಟನ್ನು ಮೂರು ವೈರಿಗೆ ಹಂಚುವ ಇಎಸ್‌ಸಿಯಲ್ಲಿ ಒಂದು ದಾರಿ ಹೋಗಿರುತ್ತದೆ. ಅದನ್ನು ನೋಡದೆ ಹೊಸದಾಗಿ ಸುತ್ತಿಕೊಟ್ಟರೆ ಅದೂ ಸುಡುತ್ತದೆ.

ಜಾಸ್ತಿ ಬರುವುದು ಓವರ್‌ಲೋಡ್. ಕೇಳಿದರೆ "ಏನೂ ಬದಲಾಯಿಸಿಲ್ಲ ಅಣ್ಣಾ" ಅಂತಾರೆ. ಇನ್ನೊಂದು ಸಲ ಕೇಳಿದರೆ "ಬ್ಯಾಟರಿ ಮಾತ್ರ" ಅಂತಾರೆ. ಮೂರು ಸೆಲ್ಲಿನ 11.1 ವೋಲ್ಟ್ ಬದಲು ನಾಲ್ಕು ಸೆಲ್ಲಿನ 14.8 ವೋಲ್ಟ್, ಪ್ರೊಪೆಲರ್ ಹಳೆಯದೇ. ವೋಲ್ಟೇಜ್ ಮೂರನೇ ಒಂದು ಭಾಗ ಏರಿದೆ ಅಷ್ಟೇ ತಾನೇ ಅನ್ನಿಸುತ್ತದೆ. ಆದರೆ ಪ್ರೊಪೆಲರ್ ಕೇಳುವ ಪವರ್ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ವೇಗವೂ ಅಷ್ಟೇ ಏರಿದರೆ ಪವರ್ ಸುಮಾರು 2.4 ಪಟ್ಟು, ಕರೆಂಟ್ ಸುಮಾರು 1.8 ಪಟ್ಟು. ತಂತಿಯ ಬಿಸಿ ಕರೆಂಟಿನ ವರ್ಗದ ಲೆಕ್ಕ, ಅಂದರೆ ಮೂರು ಪಟ್ಟಿಗೂ ಹೆಚ್ಚು. ಇನ್ನೇನಾಗಬೇಕು?

ಆಮೇಲೆ ಎಣಿಕೆ. ಒಂದು ಹಲ್ಲಿಗೆ ಎಷ್ಟು ಸುತ್ತು, ಎಷ್ಟು ಎಳೆ ಸೇರಿಸಿ ಸುತ್ತಿದ್ದಾರೆ, ಎಳೆಯ ದಪ್ಪ ಎಷ್ಟು, ಯಾವ ಹಲ್ಲು ಯಾವ ದಿಕ್ಕು, ತುದಿಗಳು ಸ್ಟಾರ್‌ನಲ್ಲಿ ಸೇರಿವೆಯೋ, ತ್ರಿಕೋನದ ಹಾಗೆ ಒಂದರ ತುದಿಗೆ ಇನ್ನೊಂದು ಸೇರುವ ಡೆಲ್ಟಾದಲ್ಲೋ. ಹೀಟ್ ಶ್ರಿಂಕ್ ಕೊಳವೆ ಸೀಳಿ ನೋಡಿ, ಫೋಟೋ ತೆಗೆದು, ಬರೆದಿಟ್ಟುಕೊಂಡ ಮೇಲೆ ಕಟ್ಟರ್ ಹಿಡಿಯಬೇಕು. ಪಂಪಿನಲ್ಲಾದರೆ ಎಚ್.ಪಿ. ನೋಡಿ ಗೇಜ್, ಸುತ್ತು ಎಲ್ಲ ಬಾಯಲ್ಲೇ ಹೇಳುವ ಮೇಸ್ತ್ರಿಗಳಿದ್ದಾರೆ. ಇದರಲ್ಲಿ ಅದು ನಡೆಯಲ್ಲ.

ಹಳೆ ತಂತಿ ತೆಗೆಯಲು ಬೆಂಕಿ ಹಾಕಲೇಬಾರದು. ಪಂಪಿನ ಸ್ಟೇಟರ್‌ಗೆ ಬೆಂಕಿ ಕೊಟ್ಟು ವಾರ್ನಿಶ್ ಸುಡುವುದು ನಮ್ಮಲ್ಲಿ ರೂಢಿ. ಅಲ್ಲೂ ಅದು ಒಳ್ಳೆಯದಲ್ಲ, ಆದರೆ 50 ಹರ್ಟ್ಸ್‌ನಲ್ಲಿ ಹೇಗೋ ಸಾಗುತ್ತದೆ. ಇದರಲ್ಲಿ ಮ್ಯಾಗ್ನೆಟ್ 14, ಅಂದರೆ ಏಳು ಜೋಡಿ. ನಿಮಿಷಕ್ಕೆ 10,000 ಸುತ್ತು ತಿರುಗಿದರೆ ಸ್ಟೇಟರ್ ಒಳಗೆ ಸುಮಾರು 1,170 ಹರ್ಟ್ಸ್. ಅಷ್ಟಕ್ಕೆ ಕಬ್ಬಿಣ ಕಾಯದಿರಲಿ ಅಂತಲೇ ಸ್ಟೇಟರಿನಲ್ಲಿ ಜೋಡಿಸಿರುವ ತಗಡು ಅಷ್ಟು ತೆಳ್ಳಗೆ, ಒಳ್ಳೆಯವುಗಳಲ್ಲಿ 0.2 ಮಿ.ಮೀ. ತಗಡುಗಳ ನಡುವಿನ ಲೇಪ ಸುಟ್ಟುಹೋದರೆ ಕಬ್ಬಿಣವೇ ಕಾಯುತ್ತದೆ. ಹಲ್ಲಿನ ಮೇಲಿನ ಎಪಾಕ್ಸಿ ಬಣ್ಣವೂ ಹೋಗುತ್ತದೆ, ಹೊಸ ತಂತಿಗೆ ಅದೇ ಇನ್ಸುಲೇಷನ್. ಒಂದು ಬದಿಯಲ್ಲಿ ತಂತಿ ಕತ್ತರಿಸಿ, ಬಿದಿರು ಕಡ್ಡಿಯಿಂದ ತಳ್ಳಿ, ಎಳೆ ಎಳೆಯಾಗಿ ತೆಗೆಯಿರಿ. ನಿಧಾನ ಆಗುತ್ತದೆ, ಆಗಲಿ. ಹಲ್ಲಿನ ಮೂಲೆಯಲ್ಲಿ ಬಣ್ಣ ಎದ್ದಿದ್ದರೆ ಅರಾಲ್ಡೈಟ್ ತೆಳ್ಳಗೆ ಸವರಿ ಒಣಗಿಸಬೇಕು. ಶಾರ್ಟ್ ಆಗುವುದು ಹೆಚ್ಚಾಗಿ ಆ ಮೂಲೆಯಲ್ಲೇ.

12 ಹಲ್ಲು, 14 ಮ್ಯಾಗ್ನೆಟ್ ಇರುವ ಮೋಟಾರ್ ಸುತ್ತುವ ಒಂದು ಕ್ರಮ ಹೀಗೆ. ಮೊದಲ ಫೇಸ್ 1ನೇ ಹಲ್ಲಿಗೆ ಬಲಕ್ಕೆ, 2ಕ್ಕೆ ಎಡಕ್ಕೆ, ಅಲ್ಲಿಂದ ಎದುರು ಬದಿಗೆ ಹೋಗಿ 7ಕ್ಕೆ ಎಡಕ್ಕೆ, 8ಕ್ಕೆ ಬಲಕ್ಕೆ. ಎರಡನೆಯದು 3, 4, 9, 10. ಮೂರನೆಯದು 5, 6, 11, 12. ಮೂರನೆಯದರ ದಿಕ್ಕು ಮೊದಲನೆಯದರ ಹಾಗೇ. ಎರಡನೆಯದರಲ್ಲಿ ಮಾತ್ರ ಉಲ್ಟಾ: ಎಡ, ಬಲ, ಬಲ, ಎಡ. ಒಂದು ಹಲ್ಲಿನ ದಿಕ್ಕು ತಪ್ಪಿದರೂ ಮೋಟಾರ್ ನಡುಗುತ್ತದೆ, ಕಾಯುತ್ತದೆ. ಬೆಲ್ ಹಾಕುವ ಮೊದಲೇ ಒಂದು ಫೇಸ್‌ಗೆ ಒಂದು ಆಂಪಿಯರ್ ಡಿಸಿ ಬಿಟ್ಟು, ಸಣ್ಣ ದಿಕ್ಸೂಚಿ ಹಿಡಿದು ನೋಡಿದರೆ ಮುಳ್ಳು ಈ ತಪ್ಪನ್ನು ತೋರಿಸಿಬಿಡುತ್ತದೆ.

0.5 ಮಿ.ಮೀ. ತಂತಿ ಒಂದು, 0.25 ಮಿ.ಮೀ. ತಂತಿ ನಾಲ್ಕು, ಎರಡರಲ್ಲೂ ತಾಮ್ರ ಒಂದೇ. ದಪ್ಪ ತಂತಿಯಲ್ಲಿ ಅದರ ಮೇಲಿನ ಲೇಪ, ಎನಾಮಲ್, ತಿನ್ನುವ ಜಾಗ ಕಡಿಮೆ, ಆದರೆ ಮೂಲೆಯಲ್ಲಿ ಬಗ್ಗಿಸುವಾಗ ಬೆರಳು ನೋಯುತ್ತದೆ. ನನಗೆ ದಪ್ಪದ್ದೇ ಇಷ್ಟ. ಎಳೆ ಜಾಸ್ತಿ ಇದ್ದರೆ ತುದಿಯಲ್ಲಿ ಪ್ರತಿ ಎಳೆಯ ಎನಾಮಲ್ ಕೆರೆಯಬೇಕು. ನಾಲ್ಕರಲ್ಲಿ ಒಂದು ಬಿಟ್ಟುಹೋದರೂ ಮೋಟಾರ್ ತಿರುಗುತ್ತದೆ, ಪರೀಕ್ಷೆಗೆ ಹಿಡಿಯುವ ಸೀರೀಸ್ ಬಲ್ಬೂ ಉರಿಯುತ್ತದೆ, ಮಲ್ಟಿಮೀಟರಿನ ಓಮ್ ಅಳತೆಗೂ ಗೊತ್ತಾಗಲ್ಲ. ಎರಡು ಆಂಪಿಯರ್ ಬಿಟ್ಟು ಎರಡೆರಡು ವೈರಿನ ನಡುವೆ ಮಿಲಿವೋಲ್ಟ್ ಅಳೆಯಿರಿ. ಸ್ಟಾರ್‌ನಲ್ಲಿ ಮೂರೂ ಕಡೆ ಒಂದೇ ಸಮ, 180 ಅನ್ನಿ, ಬಂದರೆ ಸರಿ. ಎರಡು ಕಡೆ 210, ಒಂದು ಕಡೆ 180 ಬಂದರೆ, ಆ ಎರಡರಲ್ಲೂ ಇರುವ ವೈರಿನ ಬೆಸುಗೆ ಬಿಚ್ಚಿ ನೋಡಿ.

"ಕೆವಿ ಜಾಸ್ತಿ ಮಾಡಿಕೊಡಿ" ಅನ್ನುವವರೂ ಬರುತ್ತಾರೆ. ಒಂದು ವೋಲ್ಟ್‌ಗೆ ಎಷ್ಟು ಆರ್‌ಪಿಎಂ ಅನ್ನುವುದೇ ಕೆವಿ. ಸುತ್ತು ಕಡಿಮೆ ಮಾಡಿದರೆ ಏರುತ್ತದೆ, ಹೆಚ್ಚಿಸಿದರೆ ಇಳಿಯುತ್ತದೆ. 14 ಸುತ್ತಿಗೆ 1,000 ಇದ್ದದ್ದು 20 ಸುತ್ತಿಗೆ 700. ಅದೇ ವೈಂಡಿಂಗ್ ಸ್ಟಾರ್‌ನಿಂದ ಡೆಲ್ಟಾಕ್ಕೆ ಬಂದರೆ 1.73 ಪಟ್ಟು. ಆದರೆ ಹಲ್ಲುಗಳ ನಡುವಿನ ಸ್ಲಾಟಿನಲ್ಲಿ ಹಿಡಿಯುವ ತಾಮ್ರ ಅಷ್ಟೇ, ಆದ್ದರಿಂದ ಒಂದೇ ಟಾರ್ಕಿಗೆ ಬಿಸಿಯೂ ಅಷ್ಟೇ. ಮೋಟಾರಿನ ತಾಕತ್ತು ಸುಮ್ನೆ ಹೆಚ್ಚಾಗಲ್ಲ. ಇದನ್ನು ಹುಡುಗರಿಗೆ ಒಪ್ಪಿಸುವುದು ವೈಂಡಿಂಗ್‌ಗಿಂತ ಕಷ್ಟ.

ಮುಗಿದ ಮೇಲೆ ಕೆವಿ ನೋಡಲು ಡ್ರಿಲ್ಲಿಂಗ್ ಮಷಿನ್ ಸಾಕು. ಶಾಫ್ಟ್ ಹಿಡಿಸಿ 2,800 ಆರ್‌ಪಿಎಂನಲ್ಲಿ ತಿರುಗಿಸಿದಾಗ ಎರಡು ವೈರಿನ ನಡುವೆ 2 ವೋಲ್ಟ್ ಎಸಿ ಬಂತು ಅನ್ನಿ. ಅದನ್ನು 1.414ರಿಂದ ಗುಣಿಸಿ, 2,800ನ್ನು ಅದರಿಂದ ಭಾಗಿಸಿದರೆ 990. ಮಿಲಿವೋಲ್ಟ್, ಕೆವಿ ಎರಡನ್ನೂ ಚೀಟಿಯಲ್ಲಿ ಬರೆದು ಮೋಟಾರಿನ ಜೊತೆ ಕಳಿಸುತ್ತೇನೆ.

ದುಡ್ಡಿನ ಲೆಕ್ಕದಲ್ಲಿ ಸಣ್ಣ 2212 ಸುತ್ತುವುದು ದಂಡ. ಹೊಸದೇ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕಲಿಯಬೇಕು ಅನ್ನುವ ಹುಡುಗರಿಗೆ ತಂತಿ ಕೊಟ್ಟು, ಪಕ್ಕದಲ್ಲಿ ಕೂರಿಸಿಕೊಂಡು ಅವರ ಕೈಯಲ್ಲೇ ಸುತ್ತಿಸುತ್ತೇನೆ. ದೊಡ್ಡ ಮೋಟಾರ್ ಆದರೆ ನಾನೇ ಸುತ್ತಿ ಕೂಲಿ ತಗೊಳ್ಳುತ್ತೇನೆ. ಮ್ಯಾಗ್ನೆಟ್ ಕಾದು ಬಲ ಕಳೆದುಕೊಂಡಿದ್ದರೆ ಮಾತ್ರ ಒಪ್ಪಲ್ಲ. ಸಾದಾ ದರ್ಜೆಯ ನಿಯೋಡಿಮಿಯಮ್ 80 ಡಿಗ್ರಿ ದಾಟಿದರೆ ಸೋಲಲು ಶುರು. ಅಂಥ ಬೆಲ್ ಒಳಗೆ ಎಷ್ಟು ಚೆನ್ನಾಗಿ ಸುತ್ತಿಟ್ಟರೂ ಕರೆಂಟ್ ಜಾಸ್ತಿ ಎಳೆದು ಮತ್ತೆ ಅಂಗಡಿಗೇ ಬರುತ್ತದೆ.