ಕಡ್ಡಿಗೆ ಹಂದಿಯ ಪರಿಚಯವಿದೆಯೇ?

ಮೊನ್ನೆ ರಾತ್ರಿ ಊಟಕ್ಕೆ ಕುಳಿತ ಅವ್ವ, ತಟ್ಟೆಯಲ್ಲಿದ್ದ ಪೋರ್ಕ್ ಚಾಪನ್ನು ಚಾಕುವಿನಿಂದ ಸೀಳಿ, ನಡುವೆ ಕಂಡ ನಸುಗೆಂಪನ್ನು ನೋಡಿ ತಟ್ಟೆಯನ್ನು ನನ್ನತ್ತ ಸರಿಸಿದಳು. “ಒಳಗೆ ಇನ್ನೂ ಹಸಿ ಇದೆಯಲ್ಲ ಮಗಾ?” ಕಾವಲಿಯಲ್ಲಿದ್ದ ಇನ್ನೊಂದು ತುಂಡಿಗೆ ಥರ್ಮಾಮೀಟರಿನ ಕಡ್ಡಿ ಚುಚ್ಚಿ, 145 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದನ್ನು ತೋರಿಸಿದೆ. ಅಂಕಿಯತ್ತ ಕಣ್ಣೂ ಹಾಯಿಸದೆ, “ಆ ಕಡ್ಡಿಗೆ ಈ ಹಂದಿಯ ಪರಿಚಯವಿದೆಯಾ?” ಎಂದಳು. ಹೆಂಡತಿ ನಕ್ಕಳು, ಅವ್ವ ಬಂದಿರುವಷ್ಟು ದಿನ ಅವಳು ನನ್ನ ಪಕ್ಷ ವಹಿಸುವುದಿಲ್ಲ.

ಅಮೆರಿಕದಲ್ಲಿ ಅತಿ ಹೆಚ್ಚು ಹಂದಿ ಸಾಕುವ ಅಯೋವಾದಲ್ಲಿ ಕುಳಿತು, ಆ ಪ್ರಶ್ನೆಯನ್ನು ವಾರವಿಡೀ ಮೆಲುಕು ಹಾಕುತ್ತಿದ್ದೇನೆ. ಕೊಡಗಿನ ನಮ್ಮ ಮನೆಯಲ್ಲಿ ಪಂದಿ ಕರಿ ಒಲೆಯ ಮೇಲೆ ಗಂಟೆಗಟ್ಟಲೆ ಕುದಿಯುತ್ತಿತ್ತು. ಚರ್ಮ, ನೆಣ, ನಾರು ಎಲ್ಲವೂ ಇರುವ ತುಂಡುಗಳು ಎಷ್ಟು ಬೆಂದರೂ ಮೆತ್ತಗಾಗುತ್ತವೆಯೇ ಹೊರತು ಕೆಡುವುದಿಲ್ಲ. ಅದರ ಜೊತೆಗೆ, ಹಂದಿ ಎಲ್ಲಿ ಏನು ಮೇಯ್ದಿತೋ, ಮಾಂಸದಲ್ಲಿ ಹುಳವಿದೆಯೋ ಎಂಬ ಭಯಕ್ಕೂ ಆ ಕುದಿತವೇ ಮದ್ದಾಗಿತ್ತು. ಚಾಪ್ ಎಂಬುದು ಬೆನ್ನಿನ ಪಕ್ಕದ ಮಾಂಸ. ನೆಣ ಕಡಿಮೆ, ನಾರಂತೂ ಇಲ್ಲವೆನ್ನುವಷ್ಟು. ಬೆಂಕಿಯ ಮೇಲೆ ನಾಲ್ಕು ನಿಮಿಷ ಹೆಚ್ಚು ಉಳಿದರೆ ರಸವೆಲ್ಲ ಇಂಗಿ ಹಲ್ಲಿಗೆ ರಟ್ಟಾಗುತ್ತದೆ.

ಆದ್ದರಿಂದಲೇ ನಾನು ಬೀಡಿನ ಕಾವಲಿ ಚೆನ್ನಾಗಿ ಕಾದ ಮೇಲೆ ಚಾಪ್‌ಗಳ ಎರಡೂ ಮಗ್ಗುಲನ್ನು ಕೆಂಪಗೆ ಹುರಿದು ತೆಗೆದಿಟ್ಟು, ಅದೇ ಜಿಡ್ಡಿನಲ್ಲಿ ಈರುಳ್ಳಿ, ಅಣಬೆ, ಬೆಳ್ಳುಳ್ಳಿ ಬಾಡಿಸುತ್ತೇನೆ. ಕೋಳಿಯ ಸಾರು ಸುರಿದು ತಳಕ್ಕೆ ಹತ್ತಿದ ಕಂದು ಚೂರನ್ನು ಮರದ ಸೌಟಿನಿಂದ ಕೆರೆದು ಬಿಡಿಸಬೇಕು. ಸಾಸಿನ ರುಚಿಯೆಲ್ಲ ಇರುವುದು ಅಲ್ಲಿಯೇ. ಆಮೇಲೆ ಗಟ್ಟಿ ಕೆನೆ, ಒಂದು ಚಮಚ ಸಾಸಿವೆ ಪೇಸ್ಟ್. ಹಾಲು ಹಾಕಿದರೆ ಒಡೆಯುವ ಸಂಭವವಿದೆ; ಶೇಕಡಾ 36ರಷ್ಟು ಕೊಬ್ಬಿರುವ ಕೆನೆ ಕುದಿದರೂ ಒಡೆಯದೆ, ಸೌಟಿನ ಬೆನ್ನಿಗೆ ಅಂಟುವಷ್ಟು ಮಂದವಾಗುತ್ತದೆ. ಚಾಪ್‌ಗಳು ಮತ್ತೆ ಕಾವಲಿಗೆ ಇಳಿಯುವುದು ಕಡೆಗೆ.

ಅಮೆರಿಕದ ಕೃಷಿ ಇಲಾಖೆಯೇ 2011ರವರೆಗೆ ಹಂದಿಯ ಇಡೀ ತುಂಡುಗಳಿಗೆ 160 ಡಿಗ್ರಿ ಎನ್ನುತ್ತಿತ್ತು. ಆ ವರ್ಷ ಅದನ್ನು 145ಕ್ಕೆ ತಗ್ಗಿಸಿ, ಮಾಂಸವನ್ನು ಒಲೆಯಿಂದ ಇಳಿಸಿದ ಮೇಲೆ ಮೂರು ನಿಮಿಷ ಹಾಗೆಯೇ ಬಿಡಬೇಕೆಂದಿತು. ಅಷ್ಟರೊಳಗೆ ಹಂದಿಗಳು ಕೊಟ್ಟಿಗೆಯೊಳಗೆ ಸೇರಿದ್ದವು, ಮುಸುರೆಯನ್ನು ಕುದಿಸದೆ ತಿನ್ನಿಸಬಾರದೆಂಬ ಕಾನೂನು 1980ರಲ್ಲೇ ಬಂದಿತ್ತು, ಸರಿಯಾಗಿ ಬೇಯದ ಮಾಂಸದಿಂದ ಮನುಷ್ಯರಿಗೆ ಅಂಟುವ ಟ್ರೈಕಿನೆಲ್ಲಾ ಹುಳು ಸಾಕುಹಂದಿಯಲ್ಲಿ ಅಪರೂಪವಾಗಿತ್ತು. ಅಂದರೆ ಕಡ್ಡಿ ಹೇಳುವುದು ಶಾಖವನ್ನು ಮಾತ್ರ. ಆ ಶಾಖ ಸಾಕೆಂದು ಹೇಳುವ ಧೈರ್ಯ ಬರುವುದು ಹಂದಿಗೆ ಯಾರು ಏನು ತಿನ್ನಿಸಿದರು, ಯಾರು ಪರೀಕ್ಷಿಸಿದರು ಎಂಬುದರಿಂದ. ಅವ್ವ ಕೇಳಿದ್ದೂ ಅದನ್ನೇ. ತಾನೇ ಸಾಕಿ, ತಾನೇ ಕಂಡು ಅಡುಗೆ ಮಾಡಿದವಳಿಗೆ, ಕಾಣದ ಹಂದಿಯ ಬಗ್ಗೆ ಯಾರೋ ಕೊಟ್ಟ ಭರವಸೆಯನ್ನು ನಂಬುವ ನನ್ನ ಅಭ್ಯಾಸ ವಿಚಿತ್ರವಾಗಿ ಕಂಡದ್ದು ಸಹಜ. ನೆರೆಮನೆಯ ಅಜ್ಜನೂ 145ಕ್ಕೆ ಒಪ್ಪುವವರಲ್ಲ. ಅವರ ಚಾಪ್ ಬೂದಿ ಬಣ್ಣಕ್ಕೆ ತಿರುಗದೆ ಒಲೆಯಿಂದ ಇಳಿಯುವುದಿಲ್ಲ.

ಅವ್ವ ತನ್ನ ಪಾಲನ್ನು ಮತ್ತೆ ಕಾವಲಿಗೆ ಹಾಕಿ, ಬಿಳುಚುವವರೆಗೆ ಬೇಯಿಸಿ, ಎರಡು ತುತ್ತು ಅಗಿದು, “ಈ ಹಂದಿಗೆ ನೆಣವೇ ಇಲ್ಲ, ಪಾಪ” ಎಂದು ತೀರ್ಪು ಕೊಟ್ಟಳು. ಸಾಸನ್ನು ಮಾತ್ರ ಬ್ರೆಡ್ಡಿನಿಂದ ಬಳಿದು ತಿಂದು, ಕರಿಮೆಣಸು ಸಾಲದೆಂದಳು. ನಾಳೆ ಚರ್ಮವಿರುವ ಭುಜದ ಮಾಂಸ ಎಲ್ಲಿ ಸಿಗುತ್ತದೆಂದು ವಿಚಾರಿಸಲು ಹೇಳಿದಳು.