ಫಿಜಿಗೆ ಹೊರಟಿದ್ದೀರಾ? ಮೊದಲು ಗಾಳಿ, ಆಮೇಲೆ ಹೋಟೆಲ್

ವಿಮಾನ ಇಳಿಯುವ ಊರಿಗೆ ಬೋರ್ಡಿನಲ್ಲಿ ನಾಡಿ ಎಂದು ಬರೆದಿದ್ದರೂ ಅಲ್ಲಿನವರ ಬಾಯಲ್ಲಿ ಅದು ನಂದಿ. ನಾವು ಅಲ್ಲಿ ವಿಮಾನ ಇಳಿದಾಗ ಜುಲೈ. ಒಣ ಬಿಸಿಲು, ಕಬ್ಬಿನ ಗದ್ದೆ, ಹಳದಿ ಹುಲ್ಲಿನ ಗುಡ್ಡ. ಎರಡು ದಿನ ಬಿಟ್ಟು ಬಸ್ಸಿನಲ್ಲಿ ರಾಜಧಾನಿ ಸುವಾಕ್ಕೆ ಹೋದರೆ ಬಿಡದ ಮಳೆ!

ಎರಡೂ ಇರುವುದು ವೀಟಿ ಲೇವು ಎಂಬ ಒಂದೇ ದ್ವೀಪದಲ್ಲಿ. ನಡುವೆ ಬೆಟ್ಟಸಾಲು, ಅದರಲ್ಲಿ ತೋಮನಿವಿ 1,324 ಮೀಟರ್ ಎತ್ತರ. ಆಗ್ನೇಯದಿಂದ ಬೀಸುವ ಗಾಳಿ ಸುವಾ ಮಗ್ಗುಲಲ್ಲೇ ಹೆಚ್ಚು ಮಳೆ ಸುರಿಸಿಬಿಡುತ್ತದೆ. ಘಟ್ಟದ ಆ ಕಡೆ ಮಂಗಳೂರು, ಈ ಕಡೆ ಚಿತ್ರದುರ್ಗ ಇದ್ದ ಹಾಗೆ. ಹಾಗಾಗಿ ಬಿಸಿಲು, ಬೀಚು ಬೇಕಿದ್ದರೆ ಪಶ್ಚಿಮದ ನಂದಿ ಕಡೆ ರೂಮು ಮಾಡಿ. ಕಾಡು, ತೊರೆ ಇಷ್ಟವಾದರೆ ಸುವಾ ಕಡೆ ಹೋಗಿ, ಕೊಡೆ ಮರೆಯಬೇಡಿ.

ದಕ್ಷಿಣದ ಹವಳದ ಕರಾವಳಿಯಲ್ಲಿ ನಾನೊಂದು ತಪ್ಪು ಮಾಡಿದೆ. ಬೆಳಿಗ್ಗೆ ಎದ್ದು ಈಜಲು ಹೋದರೆ ಸಮುದ್ರ ಇಳಿದುಹೋಗಿತ್ತು. ಮೊಣಕಾಲಷ್ಟೂ ನೀರಿಲ್ಲ, ಕಾಲಿಗೆಲ್ಲ ಹವಳ. ಅಂಗಾಲು ಕೊಯ್ದುಕೊಂಡಿತು. ಅದಕ್ಕಿಂತ ಬೇಸರವಾಗಿದ್ದು, ಜೀವ ಇರುವ ಹವಳವನ್ನು ತುಳಿದೆನಲ್ಲ ಎಂದು. ಹೋಟೆಲಿನಲ್ಲಿ ಉಬ್ಬರದ ವೇಳೆ ಕೇಳಿಕೊಂಡೇ ನೀರಿಗಿಳಿಯಿರಿ. ರಬ್ಬರ್ ಶೂ ಇದ್ದರೂ ಮರಳಿನ ಮೇಲೆ ಮಾತ್ರ ಕಾಲಿಡಿ.

ಅದೇ ದಾರಿಯಲ್ಲಿ ಸಿಂಗಟೋಕದ ಮರಳ ದಿಬ್ಬಗಳಿವೆ. ಇದನ್ನು ಮಾತ್ರ ಬಿಡಬೇಡಿ. ಸುತ್ತಲೂ ಹವಳ ಇರುವ ತೀರದಲ್ಲಿ ಇಲ್ಲೊಂದು ಕಡೆ ಇಷ್ಟು ಮರಳು ಹೇಗೆ? ಸಿಂಗಟೋಕ ನದಿ ಬೆಟ್ಟದಿಂದ ಮಣ್ಣು, ಮರಳು ಹೊತ್ತು ತರುತ್ತದೆ. ಸಿಹಿನೀರು, ಕೆಸರು ಇರುವ ಅಳಿವೆಯಲ್ಲಿ ಹವಳ ಬೆಳೆಯುವುದಿಲ್ಲ. ತಡೆ ಇಲ್ಲದ್ದರಿಂದ ಅಲೆ ನೇರ ದಡಕ್ಕೆ ಬಡಿದು ಮರಳು ಎಸೆಯುತ್ತದೆ, ಗಾಳಿ ಅದನ್ನು ಗುಡ್ಡೆ ಹಾಕುತ್ತದೆ. ದಿಬ್ಬದ ಮೇಲೆ ನಿಂತರೆ ಇದೆಲ್ಲ ಕಣ್ಣಿಗೇ ಕಾಣುತ್ತದೆ. ಬಿಸಿಲೇರುವ ಮುಂಚೆ ಹತ್ತಿ. ಇಲ್ಲಿ ಈಜಬೇಡಿ, ಸೆಳೆತ ಜಾಸ್ತಿ.

ಮೇಯಿಂದ ಅಕ್ಟೋಬರ್ ಒಳ್ಳೆಯ ಕಾಲ. ನವೆಂಬರಿನಿಂದ ಏಪ್ರಿಲ್ ಚಂಡಮಾರುತದ ತಿಂಗಳುಗಳು. 2016ರ ಫೆಬ್ರವರಿಯಲ್ಲಿ ವಿನ್‌ಸ್ಟನ್ ಚಂಡಮಾರುತ ಬಂದದ್ದು ಈ ಕಾಲದಲ್ಲೇ. ತಿಂಡಿ, ಉಪ್ಪಿನಕಾಯಿ ಒಯ್ದರೆ ವಿಮಾನ ಇಳಿದಾಗ ತುಂಬುವ ಫಾರ್ಮಿನಲ್ಲಿ ಬರೆದು ತೋರಿಸಿ, ತಪಾಸಣೆ ಬಿಗಿ. 1879ರಿಂದ 1916ರವರೆಗೆ ಕಬ್ಬಿನ ಕೂಲಿಗೆಂದು ಒಯ್ದ ಭಾರತೀಯರ ಮಕ್ಕಳು ಮೊಮ್ಮಕ್ಕಳು ಇಲ್ಲಿದ್ದಾರೆ, ಹಾಗಾಗಿ ಪೇಟೆಯಲ್ಲಿ ಹಿಂದಿ ನಡೆಯುತ್ತದೆ. ಹಳ್ಳಿಗೆ ಹೋಗುವುದಾದರೆ ನಂದಿಯ ಮಾರುಕಟ್ಟೆಯಲ್ಲೇ ಯಂಗೋನ (ಕಾವಾ ಎಂಬ ಪಾನೀಯ ಮಾಡುವ ಗಿಡ) ಬೇರಿನ ಒಂದು ಕಟ್ಟು ಕೊಂಡುಕೊಳ್ಳಿ. ಮುಖ್ಯಸ್ಥರ ಮುಂದಿಟ್ಟು ಅಪ್ಪಣೆ ಕೇಳುವುದು ಅಲ್ಲಿನ ಪದ್ಧತಿ. ಊರೊಳಗೆ ಟೋಪಿ ತೆಗೆದಿಡಿ.