ಕುದುರೆಮುಖದಲ್ಲಿ ಒಂದು ಹಿಡಿ ಕಪ್ಪು ಮರಳು

ನಮ್ಮೂರು ಭದ್ರಾವತಿ. ಕಬ್ಬಿಣದ ಫ್ಯಾಕ್ಟರಿ ಪಕ್ಕದಲ್ಲೇ, ಭದ್ರಾ ನೀರು ಕುಡ್ಕೊಂಡು ಬೆಳೆದೋನು ನಾನು, ಆದ್ರೂ ಅದೇ ಹೊಳೆಯ ತಲೆಭಾಗದಲ್ಲಿರೋ ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ಕಡೆ ಹೋಗಿದ್ದು ಹೋದ ಡಿಸೆಂಬರ್‌ನಲ್ಲೇ ಮೊದಲು. ಫ್ರೆಂಡ್ ಒಬ್ಬನ ಅಪ್ಪ ಅಲ್ಲಿ ಗಣಿ ಮುಚ್ಚೋವರೆಗೂ ಕೆಲಸ ಮಾಡಿದ್ರು, ಅವರನ್ನೂ ಕರ್ಕೊಂಡು ಕಳಸದ ಕಡೆಯಿಂದ ಹೋದ್ವಿ.

ಗಣಿ ಒಳಗೆ ಯಾರನ್ನೂ ಸುಮ್ಮನೆ ಬಿಡಲ್ಲ, ಸುತ್ತ ಎಲ್ಲ ನ್ಯಾಷನಲ್ ಪಾರ್ಕ್. ದೂರದಿಂದ ನೋಡಿದ್ರೆ ಶೋಲಾ ಕಾಡು, ಹುಲ್ಲುಗುಡ್ಡಗಳ ಮಧ್ಯೆ ಒಂದು ಗುಡ್ಡ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಕಡಿದಿಟ್ಟ ಹಾಗಿದೆ. ಅಂಕಲ್ ಅದನ್ನ ನೋಡ್ತಾ ಬಹಳ ಹೊತ್ತು ಮಾತೇ ಆಡ್ಲಿಲ್ಲ.

ಇಲ್ಲಿ ಅದಿರಿದೆ ಅಂತ ಕಂಡುಹಿಡಿದೋರು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್, 1913ರಲ್ಲಿ. ಆದ್ರೆ ಕಬ್ಬಿಣದ ಅಂಶ ಕಮ್ಮಿ, ಸುಮಾರು 38 ಪರ್ಸೆಂಟ್ ಅಷ್ಟೇ, ಹಾಗಾಗಿ ನಮ್ಮೂರ ಫ್ಯಾಕ್ಟರಿಗೆ ಅದಿರು ಬಂದಿದ್ದು ಕೆಮ್ಮಣ್ಣುಗುಂಡಿಯಿಂದ. ಕುದುರೆಮುಖ ಹಾಗೇ ಇತ್ತು. ಆಮೇಲೆ 1975ರಲ್ಲಿ ಇರಾನ್ ಜೊತೆ ಒಪ್ಪಂದ ಆಯ್ತು, ಸಾಲ ಅವರದ್ದು, ಅದಿರೂ ಅವರಿಗೇ ಹೋಗೋದು ಅಂತ, 1976ರಲ್ಲಿ ಕಂಪ್ನಿನೂ ಶುರುವಾಯ್ತು, 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ದೊರೆ ಷಾ ದೇಶ ಬಿಟ್ಟು ಹೋದ, ಇಲ್ಲಿ ನೋಡಿದ್ರೆ ಎಲ್ಲ ಕಟ್ಟಿ ಮುಗೀತಾ ಬಂದಿದೆ, ಅದಿರು ಕೊಳ್ಳೋರೇ ಇಲ್ಲ! ಬೇರೆ ಗಿರಾಕಿ ಹುಡುಕಿ ಗಣಿ ನಡೆಸಿದ್ರು.

ಹೊಳೆ ದಡದಲ್ಲಿ ಇಳಿದಾಗ ಅಂಕಲ್ ಕಾರಲ್ಲಿದ್ದ ಮೊಬೈಲ್ ಹೋಲ್ಡರ್‌ನ ಮ್ಯಾಗ್ನೆಟ್ ಕಿತ್ಕೊಂಡು ಬಂದು ಒದ್ದೆ ಮರಳಲ್ಲಿ ಆಡಿಸಿದ್ರು. ಮೇಲೆತ್ತಿದ್ರೆ ಕಪ್ಪು ಪುಡಿ ಗಡ್ಡದ ಥರ ಅಂಟ್ಕೊಂಡಿತ್ತು. "ನೋಡೋ, ನಾವು ಇಪ್ಪತ್ತೈದು ವರ್ಷ ಮಾಡಿದ್ದು ಇದೇ ಕೆಲಸ" ಅಂದ್ರು. ಮ್ಯಾಗ್ನಟೈಟ್ ಅಂತೆ ಅದು. ಕಲ್ಲು ಸಿಡಿಸಿ, ನುಣ್ಣಗೆ ಅರೆದು, ಮ್ಯಾಗ್ನೆಟ್‌ನಲ್ಲಿ ಕಬ್ಬಿಣ ಬೇರೆ ಮಾಡಿ, ನೀರಲ್ಲಿ ಕಲಸಿ, ಘಟ್ಟದ ಕೆಳಗೆ ಮಂಗಳೂರಿಗೆ 67 ಕಿಲೋಮೀಟರ್ ಪೈಪಲ್ಲಿ ಬಿಡ್ತಿದ್ರು, ಲಾರಿ ಇಲ್ಲ ರೈಲಿಲ್ಲ. ಅದನ್ನ ಹೇಳುವಾಗ ಅವರ ಮುಖ ನೋಡ್ಬೇಕಿತ್ತು.

"ಮತ್ತೆ ಉಳಿದ ಪುಡಿ?" ಅಂತ ಕೇಳ್ದೆ. ಲಕ್ಯಾ ಹೊಳೆಗೆ ಸುಮಾರು ನೂರು ಮೀಟರ್ ಎತ್ತರದ ಡ್ಯಾಂ ಕಟ್ಟಿ ಅದರ ಹಿಂದೆ ತುಂಬಿಸಿದ್ರು. ಅರೆದ ಕಲ್ಲಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಹೋಗಿದ್ದು, ಕೋಟಿಗಟ್ಲೆ ಟನ್. ವರ್ಷಕ್ಕೆ ಆರು ಸಾವಿರ ಮಿಲಿಮೀಟರ್ ಮಳೆ ಬೀಳೋ ಜಾಗ ಇದು, ತೋಡಿದ ಗುಡ್ಡದ ಮಣ್ಣು ಮಳೆಗಾಲದಲ್ಲಿ ಭದ್ರೆಗೆ ಇಳೀತಿತ್ತು, ಅದರ ಕೆಳಗೆ ಲಕ್ಕವಳ್ಳಿ ಡ್ಯಾಂ, ಆಮೇಲೆ ನಮ್ಮೂರು, ನಾಲೆಗಳು, ಗದ್ದೆ. ಇದನ್ನೆಲ್ಲ ಮುಂದಿಟ್ಟು ಕಾಡುಪ್ರಾಣಿ ಉಳಿಸೋ ಕೆಲಸ ಮಾಡ್ತಿದ್ದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದ್ರು, 2002ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಲ್ತು.

ನಂಗೆ ಆ ತೀರ್ಪು ಸರಿ ಅಂತ್ಲೇ ಅನ್ಸುತ್ತೆ, ಅಂಕಲ್‌ಗೂ ಹೇಳ್ದೆ. ಅವರು ಸಿಟ್ಟು ಮಾಡ್ಕೊಳ್ಲಿಲ್ಲ. ಟೌನ್‌ಶಿಪ್‌ನಲ್ಲಿ ಬೀಗ ಹಾಕಿ ಗಿಡ ಹಬ್ಬಿರೋ ಮನೆ ಸಾಲು ತೋರಿಸಿ, "ನನ್ ಮಗ ಸೈಕಲ್ ಕಲ್ತಿದ್ದು ಈ ರಸ್ತೇಲೇ" ಅಂದ್ರು, ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಗಣಿ ನಿಂತ್ರೂ ಆ ಲಕ್ಯಾ ಡ್ಯಾಂ ಮಾತ್ರ ಯಾವತ್ತೂ ಯಾರಾದ್ರೂ ಕಾಯ್ತಾನೇ ಇರ್ಬೇಕಪ್ಪ" ಅಂದ್ರು.

ಚೆಕ್‌ಪೋಸ್ಟ್ ಟೈಮ್ ಮುಗೀತಾ ಬಂದಿತ್ತು. ಹೊರಡೋ ಮುಂಚೆ ಮ್ಯಾಗ್ನೆಟ್‌ಗೆ ಅಂಟಿದ್ದ ಪುಡಿನೆಲ್ಲ ಉಜ್ಜಿ ಉಜ್ಜಿ ಹೊಳೆ ದಡಕ್ಕೇ ವಾಪಸ್ ಹಾಕಿದ್ರು.